ಬಾಟಲಿಗೆ ಮೂರು ತೂತು: ಕೆಳಗಿನ ನೀರೇ ಹೆಚ್ಚು ದೂರ ಚಿಮ್ಮುತ್ತದೆಯೇ?

ಬೇಸಿಗೆ ರಜೆ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಮಕ್ಕಳಿಗಾಗಿ ಮನೆಯಲ್ಲೇ ಮಾಡಬಹುದಾದ ವಿಜ್ಞಾನ ಪ್ರಯೋಗಗಳು ಹರಿದಾಡುತ್ತವೆ. ಅವುಗಳಲ್ಲಿ ಈ ಚಿತ್ರವನ್ನು ನೀವೂ ನೋಡಿರಬಹುದು. ಪ್ಲಾಸ್ಟಿಕ್ ಬಾಟಲಿಗೆ ಒಂದರ ಮೇಲೊಂದರಂತೆ ಮೂರು ತೂತು. ಮೇಲಿನ ತೂತಿನ ನೀರು ಹತ್ತಿರ ಬೀಳುತ್ತದೆ, ನಡುವಿನದು ಸ್ವಲ್ಪ ದೂರ, ಕೆಳಗಿನದು ಎಲ್ಲಕ್ಕಿಂತ ದೂರ. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ ಎನ್ನುವುದಕ್ಕೆ ಇದೇ ಸಾಕ್ಷಿ ಎಂಬ ಒಕ್ಕಣೆ ಕೆಳಗಿರುತ್ತದೆ.

ಆದರೆ ಮಗು ಅದೇ ಬಾಟಲಿಯನ್ನು ನೆಲದ ಮೇಲಿಟ್ಟು ಮಾಡಿದರೆ ನಡುವಿನ ತೂತಿನ ನೀರೇ ಹೆಚ್ಚು ದೂರ ಹೋಗುತ್ತದೆ! ಆಗ ನಾವು, "ನೀನು ಸರಿಯಾಗಿ ಮಾಡಿಲ್ಲ" ಎಂದುಬಿಡುತ್ತೇವೆ. ಮಗು ಮಾಡಿದ್ದು ಸರಿಯಾಗಿಯೇ ಇರುತ್ತದೆ, ತಪ್ಪು ಇರುವುದು ಚಿತ್ರದಲ್ಲಿ.

ಹಾಗಾದರೆ ಒತ್ತಡದ ಮಾತು ಸುಳ್ಳೇ?

ಇಲ್ಲ, ಅದು ನೂರಕ್ಕೆ ನೂರು ನಿಜ. 1 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 100 ಗ್ರಾಂ ನೀರಿನ ಭಾರ ಬೀಳುತ್ತದೆ. 10 ಮೀಟರ್ ಆಳದಲ್ಲಿ ಅದು ಸುಮಾರು 1 ಕೆ.ಜಿ. ಆಗುತ್ತದೆ. ಕೆಳಗಿನ ತೂತಿನಿಂದ ನೀರು ಹೆಚ್ಚು ವೇಗವಾಗಿ ಹೊರಬರುವುದೂ ನಿಜ. ತೂತಿನಿಂದ ಬರುವ ನೀರಿನ ವೇಗವು ಆಳಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ಇಟಲಿಯ ವಿಜ್ಞಾನಿ ಟೊರಿಸೆಲ್ಲಿ 1644ರಲ್ಲೇ ಪ್ರಕಟಿಸಿದ್ದ.

ಆದರೆ ನೀರು ಎಷ್ಟು ದೂರ ಹೋಗಿ ಬೀಳುತ್ತದೆ ಎಂಬುದು ವೇಗವೊಂದರಿಂದಲೇ ತೀರ್ಮಾನವಾಗುವುದಿಲ್ಲ. ನೆಲ ಮುಟ್ಟುವ ಮೊದಲು ಅದಕ್ಕೆ ಎಷ್ಟು ಸಮಯ ಸಿಗುತ್ತದೆ ಎಂಬುದೂ ಮುಖ್ಯ.

ಬಾಟಲಿಯಲ್ಲಿ 20 ಸೆಂ.ಮೀ. ಎತ್ತರಕ್ಕೆ ನೀರಿದೆ, ತಳದಿಂದ 5, 10 ಮತ್ತು 15 ಸೆಂ.ಮೀ. ಎತ್ತರದಲ್ಲಿ ತೂತುಗಳಿವೆ ಎಂದುಕೊಳ್ಳಿ. ಕೆಳಗಿನ ತೂತಿನ ನೀರು ಸೆಕೆಂಡಿಗೆ ಸುಮಾರು 1.7 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಆದರೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ ನೆಲ ಸೇರಿಬಿಡುತ್ತದೆ. ಮೇಲಿನ ತೂತಿನ ನೀರಿಗೆ ವೇಗ ಕಡಿಮೆ, ಸಮಯ ಜಾಸ್ತಿ. ಲೆಕ್ಕ ಹಾಕಿದರೆ ಇವೆರಡೂ ಸುಮಾರು 17 ಸೆಂ.ಮೀ. ದೂರದಲ್ಲಿ, ಒಂದೇ ಜಾಗದಲ್ಲಿ ಬೀಳುತ್ತವೆ. ನಡುವಿನದು 20 ಸೆಂ.ಮೀ. ದೂರ ಹೋಗುತ್ತದೆ.

ಪ್ರಯೋಗ 1: ನೆಲ ಮತ್ತು ಸ್ಟೂಲ್

2 ಲೀಟರ್ ಬಾಟಲಿಗೆ ಈ ಅಳತೆಯಲ್ಲಿ ಒಂದೇ ಮೊಳೆಯಿಂದ ಮೂರು ತೂತು ಮಾಡಿ. ಮೊಳೆ ಕಾಯಿಸಿ ಚುಚ್ಚುವ ಕೆಲಸ ದೊಡ್ಡವರದೇ ಆಗಿರಲಿ. ತೂತುಗಳಿಗೆ ಟೇಪ್ ಅಂಟಿಸಿ, ನೀರು ತುಂಬಿಸಿ, ಮುಚ್ಚಳ ತೆಗೆದಿಡಿ. ಮೊದಲು ಬಾಟಲಿಯನ್ನು ನೆಲದ ಮೇಲಿಟ್ಟು ಟೇಪ್ ಕೀಳಿ. ನೀರಿನ ಮಟ್ಟ ಇಳಿಯದಂತೆ ಮೇಲಿನಿಂದ ಸುರಿಯುತ್ತಿರಿ. ನಂತರ ಅದೇ ಬಾಟಲಿಯನ್ನು ಅರ್ಧ ಮೀಟರ್ ಎತ್ತರದ ಸ್ಟೂಲ್ ಅಂಚಿನಲ್ಲಿಟ್ಟು ಮಾಡಿ. ಈಗ ಕೆಳಗಿನ ತೂತಿನ ನೀರೇ ಎಲ್ಲಕ್ಕಿಂತ ದೂರ ಬೀಳುತ್ತದೆ! ಎಲ್ಲ ಧಾರೆಗಳಿಗೂ ಬೀಳಲು ಸಾಕಷ್ಟು ಸಮಯ ಸಿಕ್ಕಿದ್ದರಿಂದ ವೇಗದ ವ್ಯತ್ಯಾಸ ಎದ್ದು ಕಾಣುತ್ತದೆ. ಯಾವುದು ದೂರ ಹೋಗುತ್ತದೆ ಎಂದು ಮಗುವನ್ನೇ ಮೊದಲು ಊಹಿಸಲು ಬಿಡಿ.

ಪ್ರಯೋಗ 2: ದಪ್ಪ ಬಾಟಲಿ, ಸಣ್ಣ ಬಾಟಲಿ

ಒಂದು 2 ಲೀಟರ್ ಬಾಟಲಿ, ಇನ್ನೊಂದು 1 ಲೀಟರ್ ಬಾಟಲಿ ತೆಗೆದುಕೊಳ್ಳಿ. ಎರಡಕ್ಕೂ ತಳದಿಂದ 5 ಸೆಂ.ಮೀ. ಎತ್ತರದಲ್ಲಿ ಒಂದೊಂದೇ ತೂತು ಮಾಡಿ, ಎರಡರಲ್ಲೂ 15 ಸೆಂ.ಮೀ. ಎತ್ತರಕ್ಕೆ ನೀರು ತುಂಬಿಸಿ. ದಪ್ಪ ಬಾಟಲಿಯಲ್ಲಿ ನೀರು ಹೆಚ್ಚಿರುವುದರಿಂದ ಅದೇ ಗೆಲ್ಲುತ್ತದೆ ಎಂದು ಹೆಚ್ಚಿನವರು ಹೇಳುತ್ತಾರೆ. ಆದರೆ ಆರಂಭದಲ್ಲಿ ಎರಡೂ ಧಾರೆಗಳು ಹೆಚ್ಚುಕಡಿಮೆ ಒಂದೇ ದೂರದಲ್ಲಿ ಬೀಳುತ್ತವೆ. ಒತ್ತಡಕ್ಕೆ ಬೇಕಿರುವುದು ನೀರಿನ ಎತ್ತರ, ಪ್ರಮಾಣವಲ್ಲ.

ಈ ವಿಷಯ ದೊಡ್ಡವರಿಗೂ ಉಪಯೋಗಕ್ಕೆ ಬರುತ್ತದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಎಂದು 500 ಲೀಟರ್ ಟ್ಯಾಂಕ್ ತೆಗೆದು, ಅದೇ ಜಾಗದಲ್ಲಿ ಅಷ್ಟೇ ಎತ್ತರದ, ಅಗಲವಾದ 1000 ಲೀಟರ್ ಟ್ಯಾಂಕ್ ಕೂರಿಸಿದರೆ ಒತ್ತಡ ಹೆಚ್ಚುವುದಿಲ್ಲ, ನೀರು ಹೆಚ್ಚು ಹೊತ್ತು ಬರುತ್ತದೆ ಅಷ್ಟೆ. ಒತ್ತಡ ಬೇಕಿದ್ದರೆ ಟ್ಯಾಂಕನ್ನು ಎತ್ತರಿಸಬೇಕು. ಪೈಪ್ ಕಿರಿದಾಗಿದ್ದರೆ ಅಥವಾ ಕಸ ಕಟ್ಟಿದ್ದರೆ ಅದನ್ನೂ ನೋಡಬೇಕು.

ಅಣೆಕಟ್ಟೆಗೂ ಇದೇ ನಿಯಮ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಅಂದರೆ ಸುಮಾರು 38 ಮೀಟರ್. ಅಷ್ಟು ಆಳದಲ್ಲಿ ಪ್ರತಿ ಚದರ ಸೆಂ.ಮೀ. ಮೇಲೆ ಸುಮಾರು 3.8 ಕೆ.ಜಿ. ನೀರಿನ ಭಾರವಿರುತ್ತದೆ. ಹಿನ್ನೀರು ಎಷ್ಟು ದೂರ ಹರಡಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಇಂಥ ಕಟ್ಟೆಗಳನ್ನು ಬುಡದಲ್ಲಿ ದಪ್ಪವಾಗಿ ಕಟ್ಟುವುದು ಇದಕ್ಕಾಗಿಯೇ.

ಪ್ರಯೋಗ 3: ಮುಚ್ಚಳದ "ಮ್ಯಾಜಿಕ್"

ಒಂದೇ ತೂತಿರುವ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರೆ ಸ್ವಲ್ಪ ಹೊತ್ತಿನಲ್ಲೇ ಧಾರೆ ನಿಲ್ಲುತ್ತದೆ. ಇದು ಮಂತ್ರವಲ್ಲ. ಒಳಗೆ ಗಾಳಿ ಹೋಗಲು ದಾರಿ ಇಲ್ಲ, ಹೊರಗಿನ ಗಾಳಿಯ ಒತ್ತಡ ತೂತಿನ ಬಳಿ ನೀರನ್ನು ತಡೆದು ನಿಲ್ಲಿಸುತ್ತದೆ. ಮೂರು ತೂತಿನ ಬಾಟಲಿಯಲ್ಲಿ ಇದನ್ನು ಮಾಡಲು ಹೋದರೆ ಮೇಲಿನ ತೂತಿನಿಂದ ಗಾಳಿ ನುಗ್ಗಿ, ಕೆಳಗಿನಿಂದ ನೀರು ಸುರಿಯುತ್ತಲೇ ಇರುತ್ತದೆ. ವಿಡಿಯೋ ನೋಡಿ ಮಾಡಿದವರಿಗೆ "ನಮ್ಮ ಮನೆಯಲ್ಲಿ ಯಾಕೆ ಆಗಲಿಲ್ಲ" ಎನಿಸುವುದು ಇದರಿಂದಲೇ.

ಒಂದು ಎಚ್ಚರಿಕೆ: ಪುಟ್ಟ ಮಕ್ಕಳನ್ನು ನೀರು ತುಂಬಿದ ಬಕೆಟ್ ಬಳಿ ಒಂಟಿಯಾಗಿ ಬಿಡಬೇಡಿ. ನೆಲ ಜಾರುತ್ತದೆ, ಆಟ ಮುಗಿದ ಕೂಡಲೇ ಒರೆಸಿ. ಉಳಿದ ನೀರನ್ನು ಗಿಡಕ್ಕೆ ಹಾಕಿ.

ಇನ್ನು ಮುಂದೆ ಆ ಮೂರು ತೂತಿನ ಚಿತ್ರ ನಿಮ್ಮ ಗ್ರೂಪಿಗೆ ಬಂದರೆ ಒಂದು ಸಾಲು ಸೇರಿಸಿ ಕಳಿಸಿ: "ಬಾಟಲಿಯನ್ನು ಸ್ಟೂಲ್ ಮೇಲಿಡಿ, ಆಮೇಲೆ ನೆಲದ ಮೇಲೂ ಇಟ್ಟು ನೋಡಿ." ಫಲಿತಾಂಶ ಚಿತ್ರಕ್ಕೆ ಹೊಂದಲಿಲ್ಲ ಎಂದು ಮಗುವನ್ನು ಗದರಬೇಡಿ. ಯಾಕೆ ಹೊಂದಲಿಲ್ಲ ಎಂದು ಜೊತೆಗೆ ಕೂತು ಯೋಚಿಸಿ. ವಿಜ್ಞಾನ ಕಲಿಯುವುದು ಹಾಗೆಯೇ.