ಹಾಲುಹಲ್ಲು ಹೇಳಿದ ಸತ್ಯ

ಮನೆಗೆ ಬೆಂಕಿ ತಗುಲಿದರೆ ಹೊಗೆ ಏಳುತ್ತದೆ. ಕಳ್ಳ ಹೊಕ್ಕರೆ ಸಪ್ಪಳವಾಗುತ್ತದೆ. ಆದರೆ ಹೊಗೆಯೂ ಇಲ್ಲದೆ, ಸಪ್ಪಳವೂ ಇಲ್ಲದೆ ಮನೆಯೊಳಗೆ ಸೇರಿ, ಎಳೆಯ ಮಕ್ಕಳ ಬುದ್ಧಿಶಕ್ತಿಯನ್ನೇ ಕುಗ್ಗಿಸುವ ವಿಷವೊಂದುಂಟು. ಅದುವೇ ಸೀಸ. ಮಾನವನು ಸಾವಿರಾರು ವರ್ಷಗಳಿಂದ ಬಳಸುತ್ತ ಬಂದಿರುವ ಈ ಲೋಹವು ಮೃದುವಾದುದು, ಅಗ್ಗವಾದುದು, ಸುಲಭವಾಗಿ ಕರಗುವಂಥದು. ಈ ಗುಣಗಳ ಆಕರ್ಷಣೆಯಿಂದಲೇ ಅದು ಬಣ್ಣಕ್ಕೆ, ಕೊಳವೆಗೆ, ಪಾತ್ರೆಗೆ, ಬ್ಯಾಟರಿಗೆ, ಕಡೆಗೆ ಪೆಟ್ರೋಲಿಗೂ ಸೇರಿತು.

ಸೀಸವು ದೇಹವನ್ನು ವಂಚಿಸುವ ರೀತಿ ವಿಚಿತ್ರವಾದುದು. ದೇಹವು ಅದನ್ನು ಸುಣ್ಣದ ಅಂಶವೆಂದು, ಅಂದರೆ ಕ್ಯಾಲ್ಸಿಯಂ ಎಂದು ಭ್ರಮಿಸಿ ಎಲುಬು ಹಲ್ಲುಗಳಲ್ಲಿ ಸಂಗ್ರಹಿಸಿಡುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಮಗುವಿನ ದೇಹ ಅದನ್ನು ಹೀರಿಕೊಳ್ಳುತ್ತದೆ. ತಾಯಿಯ ಎಲುಬಿನಲ್ಲಿ ವರ್ಷಗಟ್ಟಲೆ ಅಡಗಿದ್ದ ಸೀಸವು ಗರ್ಭಧಾರಣೆಯ ಕಾಲದಲ್ಲಿ ರಕ್ತಕ್ಕಿಳಿದು ಕೂಸನ್ನು ಸೇರುತ್ತದೆ. ಸೀಸದಿಂದ ಮಿದುಳಿಗೆ ಒದಗಿದ ಹಾನಿಯನ್ನು ಯಾವ ಔಷಧವೂ ಮರಳಿ ಸರಿಪಡಿಸಲಾರದು. ಆದ್ದರಿಂದ ಇದಕ್ಕೆ ಇರುವುದು ಒಂದೇ ಚಿಕಿತ್ಸೆ. ಅದು ಬಾರದಂತೆ ತಡೆಯುವುದು. ಇಷ್ಟು ಸೀಸ ದೇಹದಲ್ಲಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಸಾರಿದೆ.

ಈ ಅರಿವು ಜಗತ್ತಿಗೆ ಬಂದದ್ದು ಬಹಳ ತಡವಾಗಿ. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಎಂಬ ತಂತ್ರಜ್ಞನು, ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುವುದೆಂದು ಕಂಡುಹಿಡಿದನು. 1924ರಲ್ಲಿ ನ್ಯೂಜೆರ್ಸಿಯ ತಯಾರಿಕಾ ಘಟಕವೊಂದರಲ್ಲಿ ಅದೇ ಸಂಯುಕ್ತದ ಸೋಂಕಿನಿಂದ ಐವರು ಕಾರ್ಮಿಕರು ಮತಿಭ್ರಮೆಗೊಂಡು ಮಡಿದರು. ಆದರೂ ಅದರ ಮಾರಾಟ ನಿಲ್ಲಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ರಸ್ತೆಗಳೆಲ್ಲ ಸೀಸದ ಹೊಗೆಯನ್ನು ಉಂಡವು.

1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ಅಮೆರಿಕದ ಮಕ್ಕಳ ವೈದ್ಯರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಶಾಲಾ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಅವುಗಳಲ್ಲಿದ್ದ ಸೀಸವನ್ನು ಅವರು ಅಳೆದಿದ್ದರು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಪರೀಕ್ಷೆಯಲ್ಲಿಯೂ ಏಕಾಗ್ರತೆಯಲ್ಲಿಯೂ ಹಿಂದೆ ಬಿದ್ದಿದ್ದರು. ಆ ಮಕ್ಕಳಾರೂ ರೋಗಿಗಳಾಗಿರಲಿಲ್ಲ; ನೋಡಲು ಆರೋಗ್ಯವಂತರೇ ಆಗಿದ್ದರು. 'ದಡ್ಡ', 'ಚಂಚಲ' ಎಂದು ಹಣೆಪಟ್ಟಿ ಹೊತ್ತ ಮಗುವಿನ ದೋಷ ಮಗುವಿನದಾಗಿರದೆ, ಅದು ಉಸಿರಾಡಿದ ಗಾಳಿಯದೂ ಆಗಿರಬಹುದೆಂಬ ಕಠೋರ ಸತ್ಯ ಅಂದು ಬೆಳಕಿಗೆ ಬಂದಿತು.

ನಮ್ಮ ನಾಡಿನ ಸ್ಥಿತಿಯೂ ಭಿನ್ನವಾಗಿರಲಿಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನವು ಭಾರತದ ಏಳು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ, ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಎಂಬ ಅಂದಿನ ಎಚ್ಚರಿಕೆಯ ಮಟ್ಟವನ್ನು ಸೀಸವು ಮೀರಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಕಾರ್ಯಕ್ಕೆ ವಹಿಸಿದ ಶ್ರಮ ಸ್ಮರಣೀಯವಾದುದು. 2000ದಲ್ಲಿ ನಮ್ಮ ದೇಶವು ಸೀಸಯುಕ್ತ ಪೆಟ್ರೋಲಿಗೆ ವಿದಾಯ ಹೇಳಿತು.

ಆದರೆ ಗಾಳಿಗೆ ಗಡಿಯಿಲ್ಲ, ವ್ಯಾಪಾರಕ್ಕೂ ಇಲ್ಲ. ಒಂದು ದೇಶ ನಿಷೇಧಿಸಿದ ವಸ್ತು ಇನ್ನೊಂದು ದೇಶದ ಮಾರುಕಟ್ಟೆಯನ್ನು ಅರಸಿ ಹೋಗುತ್ತದೆ. ಈ ತಿಳಿವಳಿಕೆಯಿಂದಲೇ 2002ರಲ್ಲಿ ಜೋಹಾನ್ಸ್‌ಬರ್ಗ್ ಶೃಂಗಸಭೆಯ ಸಂದರ್ಭದಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಸರ್ಕಾರಗಳನ್ನೂ ಉದ್ಯಮಗಳನ್ನೂ ಸೇವಾಸಂಸ್ಥೆಗಳನ್ನೂ ಒಂದುಗೂಡಿಸಿತು. ಆಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ಸೀಸದ ಪೆಟ್ರೋಲು ಮಾರಾಟದಲ್ಲಿತ್ತು. ಒಂದೊಂದೇ ದೇಶ ಅದನ್ನು ಕೈಬಿಡುತ್ತ ಬಂದು, 2021ರ ಜುಲೈನಲ್ಲಿ ಕಡೆಯದಾದ ಅಲ್ಜೀರಿಯಾ ಕೂಡ ಅದರ ಮಾರಾಟವನ್ನು ನಿಲ್ಲಿಸಿತು. ನೂರು ವರ್ಷಗಳ ಹಿಂದೆ ಹುಟ್ಟಿದ ವಿಷದ ವಾಹನ ಇಂಧನವು ಹೀಗೆ ಜಗತ್ತಿನಿಂದ ಮರೆಯಾಯಿತು.

ಬಣ್ಣದ ವಿಷಯದಲ್ಲಿ ಕಾರ್ಯ ಇನ್ನೂ ಅರೆಯಾಗಿದೆ. 2009ರಲ್ಲಿ ಜಿನೀವಾದಲ್ಲಿ ಸೇರಿದ ರಾಸಾಯನಿಕ ನಿರ್ವಹಣೆಯ ಅಂತಾರಾಷ್ಟ್ರೀಯ ಸಮ್ಮೇಳನವು ಬಣ್ಣದಲ್ಲಿಯ ಸೀಸವನ್ನು ಜಾಗತಿಕ ಸಮಸ್ಯೆಯೆಂದು ಒಪ್ಪಿಕೊಂಡಿತು. ಭಾರತವು 2016ರಲ್ಲಿ ನಿಯಮ ರೂಪಿಸಿ, 2017ರ ನವೆಂಬರಿನಿಂದ ಮನೆಬಳಕೆಯ ಬಣ್ಣದಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು ವಿಧಿಸಿತು. ಆದರೆ ಇಂತಹ ಕಾನೂನು ಇರುವುದು ಜಗತ್ತಿನ ಸುಮಾರು ಅರ್ಧದಷ್ಟು ದೇಶಗಳಲ್ಲಿ ಮಾತ್ರ. 2020ರ ಹೊತ್ತಿಗೆ ರಾಸಾಯನಿಕಗಳ ಹಾನಿಯನ್ನು ಕನಿಷ್ಠಗೊಳಿಸುವೆವೆಂದು ರಾಷ್ಟ್ರಗಳು ತೊಟ್ಟ ಸಂಕಲ್ಪ ಈಡೇರಲಿಲ್ಲ. ಆದಕಾರಣ 2023ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಹೊಸದೊಂದು ಜಾಗತಿಕ ಚೌಕಟ್ಟನ್ನು ಅಂಗೀಕರಿಸಲಾಯಿತು. ಯುನಿಸೆಫ್ ಸಂಸ್ಥೆಯ 2020ರ ವರದಿಯಂತೆ ಸುಮಾರು 80 ಕೋಟಿ ಮಕ್ಕಳ, ಎಂದರೆ ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಂದರ, ರಕ್ತದಲ್ಲಿ ಸೀಸದ ಪ್ರಮಾಣ ಆತಂಕದ ಮಟ್ಟದಲ್ಲಿದೆ.

ದೂರದ ಸಮ್ಮೇಳನಗಳಿಗೂ ನಮ್ಮ ಅಡುಗೆಮನೆಗೂ ಏನು ಸಂಬಂಧವೆಂದು ತಾಯಂದಿರು ಕೇಳಬಹುದು. ಬಾಂಗ್ಲಾದೇಶದ ಅರಿಸಿನದ ಪ್ರಸಂಗವೇ ಅದಕ್ಕೆ ಉತ್ತರ. ಅಲ್ಲಿ 1980ರ ದಶಕದಲ್ಲಿ ನೆರೆಯಿಂದ ನೆನೆದ ಅರಿಸಿನದ ಕೊಂಬುಗಳು ಕಳೆಗುಂದಿದವು. ಅವಕ್ಕೆ ಹೊಳಪು ಕೊಡಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ತಿಕ್ಕುವ ದುರಭ್ಯಾಸ ಆರಂಭವಾಯಿತು. ಗ್ರಾಹಕರು ಕಡು ಹಳದಿಯನ್ನೇ ಬಯಸಿದ್ದರಿಂದ ನೆರೆ ಇಳಿದ ಮೇಲೂ ಅದು ಮುಂದುವರಿಯಿತು. ಹಳ್ಳಿಯ ಗರ್ಭಿಣಿಯರ ರಕ್ತದಲ್ಲಿಯ ಸೀಸ ಎಲ್ಲಿಂದ ಬಂತೆಂದು ಹುಡುಕುತ್ತ ಹೊರಟ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಮತ್ತು ಢಾಕಾದ ಸಂಶೋಧಕರು ಕಡೆಗೆ ಮುಟ್ಟಿದ್ದು ಈ ಅರಿಸಿನವನ್ನು. 2019ರಲ್ಲಿ ಅಲ್ಲಿಯ ಆಹಾರ ಸುರಕ್ಷತಾ ಪ್ರಾಧಿಕಾರವು ಜನಜಾಗೃತಿ ಮೂಡಿಸಿತು. ಮಾರುಕಟ್ಟೆಯಲ್ಲಿ ಎಕ್ಸ್‌ರೇ ಉಪಕರಣದಿಂದ ತಪಾಸಣೆ ನಡೆಯಿತು. ತಪ್ಪಿತಸ್ಥರಿಗೆ ದಂಡ ಬಿದ್ದಿತು. 2019ರಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಶೇಕಡಾ 47ರಷ್ಟು ಕಲಬೆರಕೆಯಿತ್ತು. 2021ರಲ್ಲಿ ಒಂದರಲ್ಲಿಯೂ ಕಂಡುಬರಲಿಲ್ಲ. ಮೂವತ್ತು ವರ್ಷಗಳ ದುರಭ್ಯಾಸ ಎರಡೇ ವರ್ಷಗಳಲ್ಲಿ ಅಡಗಿತು. ಆದರೆ ನಮ್ಮ ದೇಶ ನಿಶ್ಚಿಂತೆಯಿಂದ ಇರುವಂತಿಲ್ಲ. ಪಾಟ್ನಾದ ಮಾರುಕಟ್ಟೆಯ ಅರಿಸಿನದಲ್ಲಿ ಅತಿಯಾದ ಸೀಸವಿರುವುದನ್ನು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಕಣ್ಣು ಕುಕ್ಕುವ ಹಳದಿಯ ಬಿಡಿ ಅರಿಸಿನ ಪುಡಿಯನ್ನು ಕೊಳ್ಳದೆ, ನಂಬಿಕೆಗೆ ಅರ್ಹವಾದ ಕಡೆಯಿಂದ ಕೊಂಬನ್ನು ತಂದು ತೊಳೆದು ಒಣಗಿಸಿ ಪುಡಿ ಮಾಡಿಸುವುದು ಲೇಸು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುವಾಗ ಸೀಸ ಬೆರೆಯದ ಶುದ್ಧ ತವರವನ್ನೇ ಬಳಸುವಂತೆ ಕೇಳಬೇಕು. ಹಳೆಯ ಬಾಗಿಲು ಕಿಟಕಿಗಳ ಬಣ್ಣವನ್ನು ಒಣದಾಗಿ ಉಜ್ಜಿ ತೆಗೆಯಬಾರದು; ಒದ್ದೆ ಮಾಡಿಯೇ ತೆಗೆಯಬೇಕು, ಆಗ ಮಕ್ಕಳು ಹತ್ತಿರವಿರಕೂಡದು. ಹಳೆಯ ಬ್ಯಾಟರಿಗಳನ್ನು ಓಣಿಯಲ್ಲಿ ಒಡೆದು ಸೀಸ ಕರಗಿಸುವವರಿಗೆ ಕೊಡದೆ, ಮಾರಿದ ಅಂಗಡಿಗೇ ಹಿಂತಿರುಗಿಸಬೇಕು. ಕಬ್ಬಿಣ ಮತ್ತು ಸುಣ್ಣದ ಅಂಶದ ಕೊರತೆಯಿರುವ ಮಕ್ಕಳ ದೇಹವು ಸೀಸವನ್ನು ಹೆಚ್ಚು ಹೀರುವುದರಿಂದ ರಾಗಿ, ಹಾಲು, ಹಸಿರು ಸೊಪ್ಪುಗಳು ಮಕ್ಕಳ ಊಟದಲ್ಲಿ ತಪ್ಪದಿರಲಿ. ಸಂಶಯವಿದ್ದಲ್ಲಿ ರಕ್ತಪರೀಕ್ಷೆಯ ಕುರಿತು ವೈದ್ಯರನ್ನು ವಿಚಾರಿಸಲು ಸಂಕೋಚಪಡಬಾರದು.

ರಾಷ್ಟ್ರಗಳು ಒಪ್ಪಂದಕ್ಕೆ ಸಹಿ ಹಾಕಬಲ್ಲವು, ಸರ್ಕಾರ ಕಾನೂನು ಮಾಡಬಲ್ಲದು. ಆದರೆ ಹೊಳಪಿಗೆ ಮರುಳಾಗುವ ಗಿರಾಕಿ ಇರುವತನಕ ಹೊಳಪು ಹಚ್ಚುವ ವ್ಯಾಪಾರಿಯೂ ಇದ್ದೇ ಇರುತ್ತಾನೆ. ಅಂಗಡಿಯ ಮುಂದೆ ನಿಂತು "ಇದರಲ್ಲಿ ಏನು ಬೆರೆತಿದೆ?" ಎಂದು ಕೇಳುವ ಧೈರ್ಯ ಪ್ರತಿ ಮನೆಯ ಹಿರಿಯರಿಗೆ ಬರಲಿ. ಮಕ್ಕಳಿಗೆ ನಾವು ಬಿಟ್ಟುಹೋಗುವ ಆಸ್ತಿಗಳಲ್ಲಿ ವಿಷ ಸೋಂಕದ ಬುದ್ಧಿಗಿಂತ ದೊಡ್ಡದು ಯಾವುದೂ ಇಲ್ಲ.