ಎರೆಹೊಲಕ್ಕೆ ಯಾವ ಟಯರು?

ಫೋರ್ ವೀಲ್ ಜೀಪು ಇಟ್ಟುಕೊಂಡ ರೈತರು ಟಯರು ಸವೆದಾಗ ಅಂಗಡಿಗೆ ಹೋದರೆ, 'ಎಲ್ಲಾ ನೆಲಕ್ಕೂ ಆಗುತ್ತೆ' ಅಂತ ಆಲ್ ಟೆರೇನ್ ಟಯರು ತೋರಿಸ್ತಾರೆ. ಆ 'ಎಲ್ಲಾ' ಅನ್ನೋದರೊಳಗೆ ನಮ್ಮ ಹಸಿ ಎರೆ ಸೇರೋದಿಲ್ಲ ಎಂಬುದು ನನ್ನ ಅಭಿಪ್ರಾಯ.

ಡಾಂಬರು, ಗರಸು, ಕಲ್ಲುದಾರಿಗೆ ಆ ಟಯರು ಒಳ್ಳೆಯದೇ. ಆದರೆ ಅದರ ಹಲ್ಲಿನ ಸಂದು ಕಿರಿದು. ಎರೆ ಅಂಟು ಮಣ್ಣು. ನಾಲ್ಕು ಸುತ್ತಿಗೇ ಸಂದು ತುಂಬಿ ಟಯರು ನುಣ್ಣಗಾಗುತ್ತೆ. ಆಮೇಲೆ ನಾಲ್ಕೂ ಗಾಲಿ ತಿರುಗಿದರೂ ಜಾರೋದೇ. ಅಗಲ ಸಂದಿನ ಮಡ್ ಟಯರು ತಿರುಗುವಾಗ ಮಣ್ಣನ್ನು ಉದುರಿಸಿಕೊಳ್ಳುತ್ತೆ. ಆದರೆ ಡಾಂಬರಿನ ಮೇಲೆ ಸದ್ದು ಹೆಚ್ಚು, ಬೇಗ ಸವೆಯುತ್ತೆ, ಒದ್ದೆ ರಸ್ತೆಯಲ್ಲಿ ಬ್ರೇಕಿಗೆ ಹಿಡಿತ ಕಡಿಮೆ. ಚಳಿಗಾಲದ ಟಯರಂತೂ 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲೂ ರಬ್ಬರು ಗಡುಸಾಗದಿರಲೆಂದು ಮಾಡಿದ್ದು. ಅದು ಹಿಮ ಬೀಳುವ ಕಡೆಗೆ, ನಮ್ಮ ಬಿಸಿಲಿಗಲ್ಲ.

ಹಾಗಾಗಿ ವರ್ಷದಲ್ಲಿ ಎಷ್ಟು ದಿನ ಕೆಸರು ತುಳಿಯಬೇಕು ಎಂದು ಮೊದಲು ಎಣಿಸಿ. ಹೊಲದಲ್ಲೇ ಮನೆ ಇದ್ದು ದಾರಿಯೂ ಎರೆಯಾದರೆ ಮಡ್ ಟಯರು ಹಾಕಿಸಿ. ಹತ್ತಿಪ್ಪತ್ತು ದಿನದ ಮಾತಾದರೆ ಆಲ್ ಟೆರೇನ್ ಸಾಕು. ಆ ದಿನಗಳಲ್ಲಿ ಜೀಪು ರಸ್ತೆಯಲ್ಲಿ ಬಿಟ್ಟು ನಡೆದು ಹೋಗಿ.

ಯಾವ ಟಯರಾದರೂ ಹಸಿ ಹೊಲಕ್ಕೆ ಮಾತ್ರ ಇಳಿಸಬೇಡಿ. ಗಾಲಿ ಒತ್ತಿದ ಮಣ್ಣು ನೀರು ಕುಡಿಯೋದಿಲ್ಲ. ಮಳೆಯನ್ನೇ ನಂಬಿದ ನಮಗೆ ಅದು ಟಯರಿಗಿಂತ ದೊಡ್ಡ ನಷ್ಟ.