ಎಫ್‌ಸಿ ಇದ್ದ ಮಾತ್ರಕ್ಕೆ ಬ್ರೇಕ್ ಹಿಡಿಯುವುದಿಲ್ಲ

ಮಿತಿ ಮೀರಿ ಲೋಡು ಹೇರಿದ ಲಾರಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಅದೇ ಲಾರಿಯನ್ನು ಬ್ರೇಕು ಕೆಟ್ಟಿರುವುದು ಗೊತ್ತಿದ್ದೂ ರಸ್ತೆಗಿಳಿಸಿದರೆ 190ನೇ ಸೆಕ್ಷನ್ ಪ್ರಕಾರ 1,500 ರೂಪಾಯಿ. ಆ ದೋಷದಿಂದಲೇ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ, ಇಲ್ಲವೇ ಎರಡೂ. ಇವು ಯಾವುದೋ ಹಳೇ ಕಾಲದ ಅಂಕಿಗಳಲ್ಲ, 2019ರ ತಿದ್ದುಪಡಿಯಲ್ಲಿ ಹೆಚ್ಚಿಸಿದ ನಂತರದವು. ಲಾರಿಯೊಂದರ ಎಲ್ಲ ಚಕ್ರಗಳ ಬ್ರೇಕ್ ಲೈನಿಂಗ್ ಬದಲಿಸುವ ಖರ್ಚು ಈ 1,500 ರೂಪಾಯಿ ದಂಡಕ್ಕಿಂತ ಎಷ್ಟೋ ಹೆಚ್ಚು. ರಿಪೇರಿ ಮುಂದೂಡುವ ಮಾಲೀಕನ ಲೆಕ್ಕಾಚಾರ ತಪ್ಪೆಂದು ಹೇಳಲು ಕಾಯ್ದೆಯೇ ಅವಕಾಶ ಕೊಟ್ಟಿಲ್ಲ.

ಸುರಕ್ಷತೆಯ ಭಾರವನ್ನೆಲ್ಲ ನಾವು ಹೊರಿಸಿರುವುದು ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್‌ಸಿ) ಮೇಲೆ. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು. ಆ ದಿನಕ್ಕೆಂದು ಒಳ್ಳೆಯ ಟೈರು ಎರವಲು ತಂದು ಹಾಕುವುದು, ಕಿತ್ತಿಟ್ಟ ಸ್ಪೀಡ್ ಗವರ್ನರ್ ಮತ್ತೆ ಜೋಡಿಸುವುದು ಲಾರಿ ವ್ಯವಹಾರ ಬಲ್ಲವರಿಗೆ ಗುಟ್ಟೇನಲ್ಲ. ಇದಕ್ಕೆ ಉತ್ತರವಾಗಿ ಬಂದದ್ದು ಸ್ವಯಂಚಾಲಿತ ತಪಾಸಣಾ ಕೇಂದ್ರಗಳು. 2021ರಲ್ಲಿ ನಿಯಮವಾಯಿತು. ಭಾರಿ ವಾಹನಗಳಿಗೆ ಕಡ್ಡಾಯ ಮಾಡುವ ಗಡುವು 2023ರ ಏಪ್ರಿಲ್‌ನಿಂದ 2024ರ ಅಕ್ಟೋಬರ್‌ಗೆ ಸರಿಯಿತು. ಚಕ್ರವನ್ನು ರೋಲರ್ ಮೇಲೆ ನಿಲ್ಲಿಸಿ ಬ್ರೇಕಿನ ಬಲವನ್ನು ಯಂತ್ರವೇ ಅಳೆಯುತ್ತದೆ. ಬ್ರೇಕ್ ಇನ್‌ಸ್ಪೆಕ್ಟರ್ ಒಂದು ಸುತ್ತು ಹಾಕಿ ಸಹಿ ಮಾಡುವುದಕ್ಕಿಂತ ಇದು ನೂರು ಪಾಲು ಮೇಲು. ಆದರೆ ಯಂತ್ರವೂ ಹೇಳುವುದು ಆ ದಿನದ ಸ್ಥಿತಿಯನ್ನು ಮಾತ್ರ.

ಈ ಮಾತಿಗೆ ಅಮೆರಿಕದ ಅನುಭವವೇ ಸಾಕ್ಷಿ. ಅಲ್ಲಿಯೂ ವಾಣಿಜ್ಯ ಟ್ರಕ್ಕುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯ. ಹಾಗಿದ್ದೂ ಪ್ರತಿ ವರ್ಷ ಉತ್ತರ ಅಮೆರಿಕದಾದ್ಯಂತ 72 ಗಂಟೆಗಳ ಕಾಲ ನಡೆಯುವ ರಸ್ತೆಬದಿ ತಪಾಸಣೆಯಲ್ಲಿ, ಕೂಲಂಕಷವಾಗಿ ನೋಡಿದ ವಾಹನಗಳ ಪೈಕಿ ಸರಿಸುಮಾರು ಐದರಲ್ಲಿ ಒಂದನ್ನು ಅಲ್ಲೇ ನಿಲ್ಲಿಸಿಬಿಡುತ್ತಾರೆ. ರಿಪೇರಿಯಾಗುವ ತನಕ ಅದು ಕದಲುವಂತಿಲ್ಲ. ಕಾರಣಗಳಲ್ಲಿ ಮೊದಲ ಸ್ಥಾನ ಬ್ರೇಕಿನದು. ಇದರಲ್ಲಿ ಅಚ್ಚರಿಯಿಲ್ಲ. ಡ್ರಮ್ ಬ್ರೇಕಿನ ಲೈನಿಂಗ್ ಪ್ರತಿ ಟ್ರಿಪ್ಪಿನಲ್ಲೂ ಸವೆಯುತ್ತದೆ, ಸ್ಲ್ಯಾಕ್ ಅಡ್ಜಸ್ಟರ್ ಸಡಿಲವಾಗುತ್ತದೆ, ಗಾಳಿಯ ಪೈಪು ಸೋರುತ್ತದೆ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರಿಗೆ ದಿನವೂ ಓಡುವ ಲಾರಿಯ ಬ್ರೇಕಿನ ಆರೋಗ್ಯವನ್ನು ಕಳೆದ ವರ್ಷದ ಕಾಗದದಲ್ಲಿ ಓದಲಾಗದು.

ಅಪಘಾತಕ್ಕೆ ಕಾರಣ ಯಂತ್ರವಲ್ಲ, ಚಾಲಕ ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿದೆ. 2022ರ ನವೆಂಬರ್‌ನಲ್ಲಿ ಪುಣೆಯ ನವಲೆ ಸೇತುವೆ ಬಳಿ, ಮುಂಬೈ–ಬೆಂಗಳೂರು ಹೆದ್ದಾರಿಯ ಇಳಿಜಾರಿನಲ್ಲಿ, ಲಾರಿಯೊಂದು ಹತ್ತಾರು ವಾಹನಗಳಿಗೆ ಗುದ್ದಿತು. ಚಾಲಕ ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿದ್ದ ಎಂದು ಆಗ ಪೊಲೀಸರು ಹೇಳಿದ್ದರು. ಎಂಜಿನ್ ನಿಂತರೆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಲ್ಲುತ್ತದೆ. ನಾಲ್ಕಾರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಟ್ಯಾಂಕಿನ ಒತ್ತಡ ಇಳಿಯುತ್ತದೆ. ತಪ್ಪು ಚಾಲಕನದೇ. ಆದರೆ ಚಾಲಕ ಹೀಗೆ ಡೀಸೆಲ್ ಉಳಿಸುವುದು ಯಾರ ಲಾಭಕ್ಕೆ, ಯಾರ ಒತ್ತಡಕ್ಕೆ ಎಂಬ ಪ್ರಶ್ನೆ ಹೆಚ್ಚಿನ ತನಿಖೆಗಳಲ್ಲಿ ಏಳುವುದೇ ಇಲ್ಲ. ಸಾವು ಸಂಭವಿಸಿದಾಗ ನಿರ್ಲಕ್ಷ್ಯದ ಮೊಕದ್ದಮೆ ಸಾಮಾನ್ಯವಾಗಿ ಸ್ಟಿಯರಿಂಗ್ ಹಿಡಿದವನ ಮೇಲೆಯೇ ಬೀಳುತ್ತದೆ.

ಹಾಗೆಯೇ ಆಗಬೇಕೆಂದಿಲ್ಲ. ಇಂಗ್ಲೆಂಡಿನ ಬಾತ್ ನಗರದಲ್ಲಿ 2015ರ ಫೆಬ್ರವರಿಯಲ್ಲಿ ಬ್ರೇಕು ಹಿಡಿಯದ ಟಿಪ್ಪರ್ ಇಳಿಜಾರಿನಲ್ಲಿ ನುಗ್ಗಿ, ನಾಲ್ಕು ವರ್ಷದ ಮಗು ಸೇರಿ ನಾಲ್ವರು ಸತ್ತರು. ನ್ಯಾಯಾಲಯ ಚಾಲಕನನ್ನು ಖುಲಾಸೆ ಮಾಡಿ, ಸಾವಿಗೆ ಕಾರಣರಾದ ಅಪರಾಧಕ್ಕೆ ಮಾಲೀಕನನ್ನೂ ಮೆಕ್ಯಾನಿಕ್‌ನನ್ನೂ ಜೈಲಿಗೆ ಕಳಿಸಿತು. ಅಂಥ ತೀರ್ಪು ಹೊರಬೀಳಬೇಕಾದರೆ ದೋಷ ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಬೇಕಿತ್ತು ಎಂಬುದಕ್ಕೆ ಪುರಾವೆ ಬೇಕು. ನಮ್ಮ 190ನೇ ಸೆಕ್ಷನ್ ಕೂಡ ಓಡಿಸಿದವನನ್ನು ಮಾತ್ರವಲ್ಲ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಗೊತ್ತಿದ್ದ ದೋಷವನ್ನಷ್ಟೇ ಅಲ್ಲ, ಸಾಧಾರಣ ಎಚ್ಚರ ವಹಿಸಿದ್ದರೆ ಗೊತ್ತಾಗುತ್ತಿದ್ದ ದೋಷವನ್ನೂ. ಕೊರತೆಯಿರುವುದು ದಾಖಲೆಯದು. ಟ್ರಿಪ್ಪು ಮುಗಿದಾಗ ಚಾಲಕ ಕಂಡ ದೋಷವನ್ನು ಪುಸ್ತಕದಲ್ಲಿ ಬರೆದು, ರಿಪೇರಿಯಾಯಿತೆಂದು ಮಾಲೀಕ ಸಹಿ ಹಾಕುವ ಪದ್ಧತಿ ಅಮೆರಿಕದಲ್ಲಿ ಕಾನೂನೇ ಆಗಿದೆ. ಇಲ್ಲಿಯೂ ಅದು ಬಂದರೆ 'ನನಗೆ ಗೊತ್ತೇ ಇರಲಿಲ್ಲ' ಎನ್ನುವ ವಾದ ಉಳಿಯದು.

ಕೆಲಸ ಹೋಗುವ ಭಯದಲ್ಲಿ ಚಾಲಕ ಎಲ್ಲ ಸರಿ ಎಂದೇ ಬರೆದುಬಿಟ್ಟಾನು. ಅದಕ್ಕಾಗಿಯೇ ರಸ್ತೆಬದಿ ತಪಾಸಣೆ ಜೊತೆಗಿರಬೇಕು. ಸವೆದ ಲೈನಿಂಗ್ ಸುಳ್ಳು ಬರಹವನ್ನು ಬಯಲು ಮಾಡುತ್ತದೆ. ಒಂದೋ ಎರಡೋ ಲಾರಿ ಇಟ್ಟುಕೊಂಡು ಸಾಲದ ಕಂತು ಕಟ್ಟುವ ಸಣ್ಣ ಮಾಲೀಕರ ಪಾಡೇನು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅವರ ಸಂಕಟ ನಿಜ. ಆದರೆ ಬ್ರೇಕು ಮಾಡಿಸಿಯೇ ಹೊರಡುವ ಸಣ್ಣ ಮಾಲೀಕ ಇಂದು ಬ್ರೇಕು ಮಾಡಿಸದವನ ಬಾಡಿಗೆ ದರದೊಂದಿಗೆ ಸ್ಪರ್ಧಿಸಿ ಸೋಲುತ್ತಿದ್ದಾನೆ. ಅವನಿಗೆ ಬೇಕಾದದ್ದು ರಿಯಾಯಿತಿಯಲ್ಲ, ಎಲ್ಲರಿಗೂ ಒಂದೇ ನಿಯಮ. ರಸ್ತೆಯಲ್ಲಿ ಲಾರಿ ನಿಲ್ಲಿಸಿದರೆ ಲಂಚಕ್ಕೆ ದಾರಿ ಎನ್ನುವವರ ಅನುಮಾನವನ್ನು ತಳ್ಳಿಹಾಕಲಾರೆ. ಕಣ್ಣಳತೆಯ ತಪಾಸಣೆ ಬಿಟ್ಟು, ಸಂಚಾರಿ ರೋಲರ್ ಯಂತ್ರದ ಫಲಿತಾಂಶ ನೇರವಾಗಿ ವಾಹನ ನೋಂದಣಿಯ 'ವಾಹನ್' ಪೋರ್ಟಲಿಗೆ ಹೋಗುವಂತಾದರೆ ಚೌಕಾಸಿಗೆ ಜಾಗ ಕಡಿಮೆಯಾಗುತ್ತದೆ, ಪೂರ್ತಿ ಇಲ್ಲವಾಗದಿದ್ದರೂ.

1,500 ರೂಪಾಯಿಯ ದಂಡ ಏರಬೇಕು. ಕರ್ನಾಟಕ ಅಲ್ಲಿಯವರೆಗೆ ಕಾಯಬೇಕಿಲ್ಲ. ವಾಹನ ನಿಯಮಗಳಿಗೆ ತಕ್ಕಂತಿಲ್ಲ ಎಂದು ಮನವರಿಕೆಯಾದರೆ, ಲಿಖಿತ ಕಾರಣ ಕೊಟ್ಟು ಯಾವಾಗ ಬೇಕಾದರೂ ಎಫ್‌ಸಿ ರದ್ದು ಮಾಡುವ ಅಧಿಕಾರ 56ನೇ ಸೆಕ್ಷನ್ನಿನ ನಾಲ್ಕನೇ ಉಪವಿಧಿಯಲ್ಲೇ ಇದೆ. ಸಾರಿಗೆ ಇಲಾಖೆ ಅದನ್ನು ಶಿರಾಡಿ, ಚಾರ್ಮಾಡಿ ಘಾಟಿಗಳ ನೆತ್ತಿಯಲ್ಲಿ, ಲಾರಿ ಇಳಿಯತೊಡಗುವ ಮೊದಲೇ ಬಳಸಲು ಆರಂಭಿಸಬಹುದು.